ಕತ್ತಲ ಕಡೆಯಿಂದ ಬರುವ ಬೆಳಕು

ಫೆಬ್ರವರಿ ತಿಂಗಳ ಒಂದು ರಾತ್ರಿ, ಒಂಬತ್ತೂವರೆ ಗಂಟೆ. ನಾರ್ವೆಯ ಟ್ರೋಮ್ಸೊದಲ್ಲಿ ಮೋಡ ಕವಿದಿತ್ತು. ಹಾಗಾಗಿ ಅರೋರಾ, ಅಂದರೆ ಧ್ರುವಗಳ ಸುತ್ತಲಿನ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕನ್ನು ನೋಡಲು, ವ್ಯಾನು ಹತ್ತಿ ದೂರ ಬಂದು ಸ್ಕಿಬೋಟ್ನ್ ಹತ್ತಿರ ಹಿಮದ ಬಯಲಿನಲ್ಲಿ ನಿಂತಿದ್ದೆವು. ಉತ್ತರಕ್ಕೆ ಬೆಟ್ಟದ ಮೇಲೆ ಬೂದು ಬಣ್ಣದ ಒಂದು ಪಟ್ಟಿ ಕಾಣುತ್ತಿತ್ತು. ತೆಳು ಮೋಡ ಇರಬೇಕು ಅಂದುಕೊಂಡೆ. ಅಕ್ಕನ ಮಗ, ಹತ್ತು ವರ್ಷದವನು, ಮೊಬೈಲನ್ನು ಮೂರು ಸೆಕೆಂಡ್ ಅಲುಗಾಡಿಸದೆ ಹಿಡಿದು ಫೋಟೊ ತೆಗೆದ. ಪರದೆಯ ಮೇಲೆ ಅದೇ ಪಟ್ಟಿ ಹಸಿರಾಗಿತ್ತು!

ಆಮೇಲೆ ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಪಟ್ಟಿ ಹಾಗೇ ಇತ್ತು. ಗಮನಿಸಿ ನೋಡಿದರೆ ಮಾತ್ರ ಅದು ತೀರಾ ನಿಧಾನವಾಗಿ ಬೆಟ್ಟ ಬಿಟ್ಟು ನಮ್ಮ ನೆತ್ತಿಯ ಕಡೆಗೆ ಸರಿಯುತ್ತಿದ್ದುದು ಗೊತ್ತಾಗುತ್ತಿತ್ತು. ಹತ್ತೂ ಕಾಲರ ಸುಮಾರಿಗೆ ಪಟ್ಟಿಯ ಕೆಳ ಅಂಚು ಇದ್ದಕ್ಕಿದ್ದಂತೆ ಹೊಳೆಯಿತು. ಅರ್ಧ ನಿಮಿಷ ಕೂಡ ಆಗಿರಲಿಲ್ಲ, ಇಡೀ ಆಕಾಶ ಹಸಿರಾಯಿತು. ಒಗೆದ ಸೀರೆಯನ್ನು ಹಗ್ಗಕ್ಕೆ ಹಾಕುವ ಮೊದಲು ಕೊಡವುತ್ತಾರಲ್ಲ, ಆಗ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆ ಓಡುತ್ತದಲ್ಲ, ಥೇಟ್ ಹಾಗೆ ಪೂರ್ವದಿಂದ ಪಶ್ಚಿಮಕ್ಕೆ ಮಡಿಕೆಗಳು ಓಡಿದವು. ಅಂಚಿನಲ್ಲಿ ಗುಲಾಬಿ ಬಣ್ಣ. ಹಿಮದ ಮೇಲೆ ನಮ್ಮ ನೆರಳು ಬಿದ್ದಿತ್ತು. ಹತ್ತು ನಿಮಿಷ ಅಷ್ಟೆ, ಆಮೇಲೆ ಎಲ್ಲ ಚದುರಿ ಮಸುಕಾಯಿತು.

ವ್ಯಾನಿಗೆ ಹತ್ತುವಾಗ ಹುಡುಗ ಕೇಳಿದ: "ಮಾಮ, ಇದು ಸೂರ್ಯನಿಂದ ಬರೋದು ಅಂತಾರಲ್ಲ, ಹಾಗಿದ್ರೆ ಹಗಲಿನ ಕಡೆಗೆ ಬೀಳಬೇಕಲ್ವಾ? ರಾತ್ರಿ ಕಡೆಗೆ ಯಾಕೆ ಬಿತ್ತು?"

ತುಂಬಾ ಒಳ್ಳೆಯ ಪ್ರಶ್ನೆ. ನಾವು ಸಾಮಾನ್ಯವಾಗಿ ಓದುವ ವಿವರಣೆ ಹೀಗಿರುತ್ತದೆ: ಸೂರ್ಯನಿಂದ ಕಣಗಳು ಹಾರಿ ಬರುತ್ತವೆ, ಭೂಮಿಯ ಅಯಸ್ಕಾಂತ ಅವನ್ನು ಧ್ರುವಕ್ಕೆ ಎಳೆದುಕೊಳ್ಳುತ್ತದೆ, ಅವು ಗಾಳಿಗೆ ಬಡಿದು ಬೆಳಕು ಬರುತ್ತದೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಆ ಹುಡುಗನ ಪ್ರಶ್ನೆಗೆ ಇದರಲ್ಲಿ ಉತ್ತರ ಇಲ್ಲ. ಮುಕ್ಕಾಲು ಗಂಟೆ ಸುಮ್ನೆ ಇದ್ದ ಆಕಾಶ ಅರ್ಧ ನಿಮಿಷದಲ್ಲಿ ಯಾಕೆ ಸಿಡಿಯಿತು ಅನ್ನುವುದಕ್ಕೂ ಇಲ್ಲ. ನಿಜವಾದ ಕಥೆ ಇದಕ್ಕಿಂತ ಬಹಳ ಚೆನ್ನಾಗಿದೆ.

ಸೂರ್ಯನಿಂದಲೇ ಶುರು ಮಾಡೋಣ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿ. ಅದರ ಹೊರಗಿನ ಕರೋನಾ ಎಂಬ ಹೊದಿಕೆ ಹತ್ತು ಲಕ್ಷ ಡಿಗ್ರಿಗೂ ಜಾಸ್ತಿ. ಅಷ್ಟು ಬಿಸಿಯಲ್ಲಿ ಪರಮಾಣುಗಳು ಒಡೆದು ಎಲೆಕ್ಟ್ರಾನ್, ಪ್ರೋಟಾನ್‌ಗಳಾಗಿ ಬೇರೆಯಾಗುತ್ತವೆ, ಸೂರ್ಯನ ಹಿಡಿತ ತಪ್ಪಿಸಿಕೊಂಡು ಎಲ್ಲ ದಿಕ್ಕಿಗೂ ಹರಿಯುತ್ತವೆ. ಇದೇ ಸೌರ ಗಾಳಿ. ಸಾಮಾನ್ಯ ದಿನಗಳಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 400 ಕಿ.ಮೀ. 15 ಕೋಟಿ ಕಿ.ಮೀ. ದಾಟಿ ಭೂಮಿಗೆ ಬರಲು ನಾಲ್ಕು ದಿನ ಬೇಕು. ಗಾಳಿ ಅಂತ ಕರೆದರೂ ಅದು ಎಷ್ಟು ವಿರಳ ಅಂದ್ರೆ, ಇಲ್ಲಿ ನಮ್ಮ ಹತ್ತಿರ ಬರುವಷ್ಟರಲ್ಲಿ ಒಂದು ಗೋಲಿಯಷ್ಟು ಜಾಗದಲ್ಲಿ ಐದೋ ಹತ್ತೋ ಕಣ ಇರುತ್ತವೆ. ಕೆಲವೊಮ್ಮೆ ಸೂರ್ಯನ ಕಲೆಗಳ ಸುತ್ತಮುತ್ತ ದೊಡ್ಡ ಸಿಡಿತ ಆಗಿ ನೂರು ಕೋಟಿ ಟನ್ನಿನಷ್ಟು ವಸ್ತು ಒಂದೇ ಸಲ ಹೊರಗೆ ಎಸೆಯಲ್ಪಡುತ್ತದೆ. ಆಗ ವೇಗ ಜಾಸ್ತಿ, ದಟ್ಟಣೆಯೂ ಜಾಸ್ತಿ. ಒಂದೂವರೆ, ಎರಡು ದಿನಕ್ಕೇ ಬಂದು ತಲುಪುತ್ತದೆ.

ಈ ಗಾಳಿ ಬರಿಗೈಯಲ್ಲಿ ಬರುವುದಿಲ್ಲ, ಸೂರ್ಯನ ಕಾಂತಕ್ಷೇತ್ರದ ಒಂದು ಎಳೆಯನ್ನೂ ಜೊತೆಗೆ ಹೊತ್ತು ತರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಭೂಮಿ ಒಂದು ದೊಡ್ಡ ಅಯಸ್ಕಾಂತ ಅಂತ ಶಾಲೆಯಲ್ಲಿ ಓದಿದ್ದೇವೆ. ಅದರ ಕಾಂತರೇಖೆಗಳು ದಕ್ಷಿಣದಲ್ಲಿ ಹೊರಟು ಉತ್ತರದಲ್ಲಿ ಒಳಹೋಗುತ್ತವೆ. ತುಂಬಿದ ಹೊಳೆಯ ನಡುವಿನ ಬಂಡೆ ನೋಡಿದ್ದೀರಲ್ಲ? ಮುಂದೆ ನೀರು ಒತ್ತಿಕೊಂಡು ಇಬ್ಭಾಗವಾಗುತ್ತದೆ, ಹಿಂದೆ ಉದ್ದನೆಯ ಸುಳಿಯ ಗೆರೆ ಬೀಳುತ್ತದೆ. ಸೌರ ಗಾಳಿಯಲ್ಲಿ ಭೂಮಿಯ ಕಾಂತಕ್ಷೇತ್ರದ ಪಾಡೂ ಅದೇ. ಹಗಲಿನ ಕಡೆ ಅದು ಸುಮಾರು 65,000 ಕಿ.ಮೀ.ವರೆಗೆ ಮಾತ್ರ ಚಾಚಿಕೊಂಡಿದೆ. ರಾತ್ರಿಯ ಕಡೆ ಬಾಲದಂತೆ ಉದ್ದಕ್ಕೆ ಎಳೆದುಕೊಂಡು ಚಂದ್ರನ ಕಕ್ಷೆಯನ್ನೂ ದಾಟಿ ಲಕ್ಷಾಂತರ ಕಿ.ಮೀ. ಹೋಗುತ್ತದೆ. ಹೆಚ್ಚಿನ ಸೌರ ಗಾಳಿ ಇದಕ್ಕೆ ತಗುಲಿ ಪಕ್ಕದಲ್ಲೇ ಹರಿದು ಹೋಗುತ್ತದೆ. ಎಳೆದುಕೊಳ್ಳುವುದು ಅಂತೇನೂ ಇಲ್ಲ, ನಮ್ಮ ಅಯಸ್ಕಾಂತ ಮಾಡುವ ಮುಖ್ಯ ಕೆಲಸ ಅವನ್ನು ದೂರ ಇಡುವುದು.

ಹಾಗಾದರೆ ಬಾಗಿಲು ತೆರೆಯುವುದು ಯಾವಾಗ? ಗಾಳಿ ಹೊತ್ತು ತಂದ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದಾಗ. ಹಗಲಿನ ಕಡೆ ಭೂಮಿಯ ರೇಖೆಗಳು ಉತ್ತರಕ್ಕೆ ಮುಖ ಮಾಡಿರುತ್ತವೆ. ಬಂದದ್ದೂ ಉತ್ತರಕ್ಕೇ ಇದ್ದರೆ ಎರಡೂ ಒಂದನ್ನೊಂದು ಒತ್ತಿಕೊಂಡು ಸುಮ್ಮನಾಗುತ್ತವೆ, ಎಷ್ಟೇ ಜೋರಾದ ಗಾಳಿ ಬಂದರೂ ರಾತ್ರಿ ನಿರಾಸೆಯಾಗಬಹುದು. ದಕ್ಷಿಣಕ್ಕಿದ್ದರೆ ಎದುರು ಬದುರಾದ ರೇಖೆಗಳು ಮುಟ್ಟಿದ ಕಡೆ ಕಡಿದು, ಇದರ ತುದಿ ಅದಕ್ಕೆ, ಅದರ ತುದಿ ಇದಕ್ಕೆ ಸೇರಿಕೊಳ್ಳುತ್ತವೆ. ಈಗ ಭೂಮಿಯ ರೇಖೆಯ ಒಂದು ತುದಿ ನೆಲದಲ್ಲಿ, ಇನ್ನೊಂದು ಹರಿಯುವ ಸೌರ ಗಾಳಿಯಲ್ಲಿ. ಗಾಳಿ ಅದನ್ನು ಎಳೆದುಕೊಂಡು ಧ್ರುವದ ಮೇಲಿಂದ ಹಿಂದಕ್ಕೆ ಒಯ್ದು ಬಾಲದಲ್ಲಿ ರಾಶಿ ಹಾಕುತ್ತದೆ. ಒಂದಾದ ಮೇಲೆ ಒಂದು ರೇಖೆ ಹೀಗೇ ಹೋಗುತ್ತದೆ. 1961ರಲ್ಲಿ ಜೇಮ್ಸ್ ಡಂಗಿ ಎಂಬ ಇಂಗ್ಲೆಂಡಿನ ವಿಜ್ಞಾನಿ ಈ ಚಿತ್ರವನ್ನು ಮುಂದಿಟ್ಟರು. ಅರೋರಾ ಬೆನ್ನು ಹತ್ತಿದವರು ಇವತ್ತಿಗೂ ಮೊಬೈಲಿನಲ್ಲಿ ಮೊದಲು ನೋಡುವುದು 'ಬಿ-ಝಡ್' ಅನ್ನುವ ಸಂಖ್ಯೆಯನ್ನು. ಅದು ಮೈನಸ್ ಆಯಿತು ಅಂದ್ರೆ ದಕ್ಷಿಣಕ್ಕೆ ತಿರುಗಿತು ಅಂತ ಅರ್ಥ. ಆಗ ಜಾಕೆಟ್ ಹಾಕಿಕೊಳ್ಳಲು ಶುರು ಮಾಡುತ್ತಾರೆ.

ಬಾಲದಲ್ಲಿ ರೇಖೆಗಳು ತುಂಬುತ್ತಾ ಹೋದಂತೆ ಅದು ಬಿಗಿಯಾಗಿ, ತೆಳ್ಳಗೆ, ಉದ್ದಕ್ಕೆ ಎಳೆದುಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಎಳೆದ ಹಾಗೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ನಾವು ಹಿಮದಲ್ಲಿ ನಿಂತು ಕಾದ ಮುಕ್ಕಾಲು ಗಂಟೆ ಇದೇ! ಬೂದು ಪಟ್ಟಿ ನಿಧಾನಕ್ಕೆ ನಮ್ಮ ಕಡೆ ಸರಿದದ್ದು ಕೂಡ ಸುಮ್ನೆ ಅಲ್ಲ. ಬಾಲ ತುಂಬಿದಷ್ಟೂ ಧ್ರುವದ ಸುತ್ತ ಇರುವ ಬೆಳಕಿನ ಉಂಗುರ ಹಿಗ್ಗುತ್ತದೆ, ಅದರ ಅಂಚು ದಕ್ಷಿಣಕ್ಕೆ ಇಳಿಯುತ್ತದೆ. ಲಕ್ಷಾಂತರ ಕಿ.ಮೀ. ದೂರದ ಟ್ಯಾಂಕಿ ತುಂಬುತ್ತಿರುವುದನ್ನು ಇಲ್ಲಿ ನಿಂತೇ ನೋಡುತ್ತಿದ್ದೆವು, ನಮಗೆ ಗೊತ್ತಿರಲಿಲ್ಲ ಅಷ್ಟೆ.

ಒಂದು ಹಂತದಲ್ಲಿ ತಡೆಯಲಾಗದೆ ಬಾಲದ ನಡುವೆ ರೇಖೆಗಳು ಮತ್ತೆ ಕಡಿದು ಮತ್ತೆ ಸೇರುತ್ತವೆ. ಎಳೆದ ರಬ್ಬರ್ ಬಿಟ್ಟಂತೆ ಭೂಮಿಯ ಕಡೆಯ ಭಾಗ ಚಟ್ಟನೆ ವಾಪಸ್ಸು ಹಾರುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಹೊರಬೀಳುವುದು ಆಗಲೇ. ಈ ಕಡಿತ ಎಲ್ಲಿ ಶುರುವಾಗುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ದಶಕಗಳ ಕಾಲ ಜಗಳ ಇತ್ತು. 2007ರಲ್ಲಿ ನಾಸಾ ಥೆಮಿಸ್ ಹೆಸರಿನ ಐದು ಉಪಗ್ರಹಗಳನ್ನು ಹಾರಿಸಿ ಬಾಲದ ಉದ್ದಕ್ಕೂ ಸಾಲಾಗಿ ನಿಲ್ಲುವಂತೆ ಮಾಡಿತು. 2008ರ ಫೆಬ್ರವರಿಯಲ್ಲಿ ಅಂಥ ಒಂದು ಸಿಡಿತ ಸಿಕ್ಕಿಬಿದ್ದಿತು. ಚಂದ್ರನ ದೂರದ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಮೊದಲು ರೇಖೆ ಕಡಿದಿತ್ತು, ಒಂದೆರಡು ನಿಮಿಷದಲ್ಲೇ ಉತ್ತರದ ಆಕಾಶ ಹೊತ್ತಿಕೊಂಡಿತ್ತು.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಸೂರ್ಯನ ಶಕ್ತಿ ಭೂಮಿಯನ್ನು ದಾಟಿ ಹಿಂದಕ್ಕೆ ಹೋಗಿ, ಕತ್ತಲಲ್ಲಿ ಶೇಖರವಾಗಿ, ಅಲ್ಲಿಂದ ತಿರುಗಿ ನಮ್ಮ ಬೆನ್ನಿಗೆ ಬಡಿಯುತ್ತದೆ. ಅದಕ್ಕೇ ರಾತ್ರಿಯ ಕಡೆ ಬೆಳಗುವುದು.

ಹಗಲಿನ ಕಡೆಗೂ ಅರೋರಾ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಾರ್ವೆಗೂ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನವೂ ಕಗ್ಗತ್ತಲೆ. ಅಲ್ಲಿ ನಡುಹಗಲಲ್ಲಿ ಮಂದವಾದ ಕೆಂಪು ಅರೋರಾ ಕಾಣುತ್ತದೆ. ಸೌರ ಗಾಳಿಯ ಕಣಗಳು ನಿಜವಾಗಿಯೂ ನೇರವಾಗಿ ಇಳಿಯುವುದು ಅಲ್ಲಿ, ಆದರೆ ಅದಕ್ಕೆ ರಾತ್ರಿಯ ಅರೋರಾದ ಅಬ್ಬರ ಇಲ್ಲ.

ಬಾಲದಿಂದ ಹೊರಟ ಎಲೆಕ್ಟ್ರಾನ್‌ಗಳು ಕಾಂತರೇಖೆಗಳನ್ನು ಹಿಡಿದು ಬರುತ್ತವೆ. ಆ ರೇಖೆಗಳು ನೆಲಕ್ಕೆ ಇಳಿಯುವುದು ಧ್ರುವದ ನೆತ್ತಿಗಲ್ಲ, ಅದರ ಸುತ್ತಲಿನ ಒಂದು ಉಂಗುರಕ್ಕೆ. ಹಾಗಾಗಿ ಉತ್ತರಕ್ಕೆ ಹೋದಷ್ಟೂ ಚೆನ್ನಾಗಿ ಕಾಣುತ್ತದೆ ಅನ್ನುವುದು ತಪ್ಪು. ಟ್ರೋಮ್ಸೊ, ಸ್ವೀಡನ್ನಿನ ಕಿರುನಾ, ಅಲಾಸ್ಕಾದ ಫೇರ್‌ಬ್ಯಾಂಕ್ಸ್, ಕೆನಡಾದ ಯೆಲ್ಲೊನೈಫ್ ಎಲ್ಲ ಈ ಉಂಗುರದ ಅಡಿಯಲ್ಲೋ ಅದರ ಅಂಚಿನಲ್ಲೋ ಇರುವ ಊರುಗಳು.

ದಾರಿಯಲ್ಲಿ ಇನ್ನೊಂದು ಮುಖ್ಯ ಘಟನೆ ನಡೆಯುತ್ತದೆ. ನೆಲದಿಂದ ಕೆಲವು ಸಾವಿರ ಕಿ.ಮೀ. ಎತ್ತರದಲ್ಲಿ ಎಲೆಕ್ಟ್ರಾನ್‌ಗಳಿಗೆ ಕೊನೆಯ ತಳ್ಳು ಸಿಗುತ್ತದೆ. ಅಲ್ಲಿನ ವಿದ್ಯುತ್ ಕ್ಷೇತ್ರ ಮತ್ತು ಕಾಂತರೇಖೆಗಳ ಮೇಲೆ ಓಡುವ ಅಲೆಗಳು ಅವನ್ನು ಸೆಕೆಂಡಿಗೆ ಹತ್ತಾರು ಸಾವಿರ ಕಿ.ಮೀ. ವೇಗಕ್ಕೆ ಏರಿಸುತ್ತವೆ. ಸೌರ ಗಾಳಿಯ ಎಲೆಕ್ಟ್ರಾನಿಗೆ ಹೋಲಿಸಿದರೆ ಇವುಗಳ ಶಕ್ತಿ ನೂರಾರು ಪಟ್ಟು ಜಾಸ್ತಿ. ಅಲೆಯ ಬೆನ್ನೇರಿ ಎಲೆಕ್ಟ್ರಾನ್ ಹೀಗೆ ವೇಗ ಪಡೆಯುತ್ತದೆ ಅನ್ನುವುದನ್ನು ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಉದ್ದನೆಯ ಕೊಳವೆಯೊಳಗೆ ಮಾಡಿ ತೋರಿಸಿದ್ದು 2021ರಲ್ಲಿ. ಇಷ್ಟು ಹಳೆಯ ಬೆಳಕಿನ ಬಗ್ಗೆ ಇಷ್ಟು ಹೊಸ ಉತ್ತರ!

ಹಳೇ ದಪ್ಪ ಟಿವಿ ಜ್ಞಾಪಕ ಇದೆಯಾ? ಅದರ ಹಿಂಭಾಗದಲ್ಲಿ ಎಲೆಕ್ಟ್ರಾನ್ ಚಿಮ್ಮುವ ಗನ್ ಇರುತ್ತಿತ್ತು. ಎಲೆಕ್ಟ್ರಾನ್ ಬಂದು ಗಾಜಿನ ಒಳಮೈಗೆ ಬಡಿದ ಕಡೆ ಬೆಳಕು ಮೂಡುತ್ತಿತ್ತು. ಎಲೆಕ್ಟ್ರಾನ್ ಧಾರೆ ಆಚೀಚೆ ಸರಿದರೆ ಚಿತ್ರವೂ ಸರಿಯುತ್ತಿತ್ತು. ಅರೋರಾ ಕೂಡ ಅಂಥದ್ದೇ ಒಂದು ಪರದೆ. ಆಕಾಶದಲ್ಲಿ ಕುಣಿಯುವುದು ಗಾಳಿಯಲ್ಲ. ಬೇರೆ ಬೇರೆ ಜಾಗದ ಗಾಳಿ ಒಂದರ ಹಿಂದೆ ಒಂದು ಹೊತ್ತಿ ಆರುತ್ತಿರುತ್ತದೆ, ನಮ್ಮ ಕಣ್ಣಿಗೆ ಅದು ಓಡಿದಂತೆ ಕಾಣುತ್ತದೆ.

ಇನ್ನು ಬಣ್ಣದ ವಿಷಯ. ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ರಸ್ತೆಯ ಹಳೇ ಸೋಡಿಯಂ ದೀಪ ಹಳದಿ, ಅಂಗಡಿಯ ನಿಯಾನ್ ಬೋರ್ಡು ಕೆಂಪು. ಒಂದೊಂದು ಅನಿಲಕ್ಕೆ ತನ್ನದೇ ಬಣ್ಣ. ಮೇಲಿನ ಆಕಾಶದಲ್ಲಿ ಇರುವುದು ಮುಖ್ಯವಾಗಿ ಆಮ್ಲಜನಕ ಮತ್ತು ಸಾರಜನಕ. ಆದರೆ ಅರೋರಾದ ಹಸಿರು ಬಹಳ ಕಾಲ ಯಾರಿಗೂ ಬಿಡಿಸಲಾಗದ ಒಗಟಾಗಿತ್ತು. 1860ರ ದಶಕದಲ್ಲಿ ಸ್ವೀಡನ್ನಿನ ಆಂಗ್‌ಸ್ಟ್ರಾಮ್ ಆ ಹಸಿರನ್ನು ಅಳೆದರು. ಗೊತ್ತಿರುವ ಯಾವ ಅನಿಲದ ಬಣ್ಣಕ್ಕೂ ಅದು ಹೊಂದಲಿಲ್ಲ. ಉತ್ತರ ಸಿಕ್ಕಿದ್ದು 1925ರಲ್ಲಿ, ಕೆನಡಾದ ಟೊರಾಂಟೊದಲ್ಲಿ ಮೆಕ್‌ಲೆನನ್ ಮತ್ತು ಶ್ರಮ್ ಎಂಬಿಬ್ಬರಿಂದ. ಅದು ನಮ್ಮ ಆಮ್ಲಜನಕವೇ. ಬೇರೆಲ್ಲೂ ಯಾಕೆ ಕಾಣಲಿಲ್ಲ ಅಂದ್ರೆ, ಅದಕ್ಕೆ ಪುರುಸೊತ್ತು ಬೇಕು.

ಹತ್ತಿರದಿಂದ ನೋಡೋಣ. ಒಂದು ಆಮ್ಲಜನಕದ ಪರಮಾಣುವಿಗೆ ಎಲೆಕ್ಟ್ರಾನ್ ಬಡಿಯಿತು, ಪರಮಾಣುವಿಗೆ ಶಕ್ತಿ ಬಂತು. ಆ ಶಕ್ತಿಯನ್ನು ಬೆಳಕಾಗಿ ಬಿಟ್ಟು ಅದು ಶಾಂತವಾಗಬೇಕು. ಸಾಮಾನ್ಯವಾಗಿ ಪರಮಾಣುಗಳು ಇದನ್ನು ಸೆಕೆಂಡಿನ ಕೋಟಿಯ ಒಂದು ಭಾಗದಂಥ ಸಮಯದಲ್ಲಿ ಮುಗಿಸಿಬಿಡುತ್ತವೆ. ಆದರೆ ಆಮ್ಲಜನಕ ಹಸಿರು ಬೆಳಕು ಬಿಡಲು ಸುಮಾರು 0.7 ಸೆಕೆಂಡ್ ತೆಗೆದುಕೊಳ್ಳುತ್ತದೆ. ಕೆಂಪು ಬೆಳಕು ಬಿಡಲು ಸುಮಾರು 110 ಸೆಕೆಂಡ್, ಹತ್ತಿರ ಹತ್ತಿರ ಎರಡು ನಿಮಿಷ. ಅಷ್ಟು ಹೊತ್ತು ಯಾರೂ ತಾಕಬಾರದು. ತಾಕಿದರೆ ಆ ಶಕ್ತಿ ತಾಕಿದವರಿಗೆ ಹೋಗುತ್ತದೆ, ಬೆಳಕು ಬರುವುದಿಲ್ಲ. ಸಂತೆಯ ನಡುವೆ ಯಾರಿಗೂ ಮೈ ತಗುಲದೆ ಎರಡು ನಿಮಿಷ ನಿಲ್ಲಲು ಆಗುತ್ತದಾ? ನೆಲದ ಹತ್ತಿರದ ಗಾಳಿ, ಪ್ರಯೋಗಾಲಯದ ಸೀಸೆಯೊಳಗಿನ ಗಾಳಿ, ಎಲ್ಲ ಸಂತೆಯೇ. 200 ಕಿ.ಮೀ. ಮೇಲೆ ಮಾತ್ರ ಗಾಳಿ ಎಷ್ಟು ವಿರಳ ಅಂದ್ರೆ ಪರಮಾಣುವಿಗೆ ಎರಡು ನಿಮಿಷದ ಏಕಾಂತ ಸಿಗುತ್ತದೆ. ಅದಕ್ಕೇ ಕೆಂಪು ಯಾವಾಗಲೂ ತುಂಬಾ ಮೇಲೆ. ಅದರ ಕೆಳಗೆ, 100ರಿಂದ 150 ಕಿ.ಮೀ. ಎತ್ತರದಲ್ಲಿ, ಮುಕ್ಕಾಲು ಸೆಕೆಂಡ್ ಬಿಡುವಾದರೂ ಸಿಗುತ್ತದೆ, ಹಾಗಾಗಿ ಹಸಿರು. ಇನ್ನೂ ಕೆಳಗೆ ಅದೂ ಇಲ್ಲ, ಬಿಡಿ ಆಮ್ಲಜನಕವೂ ಕಡಿಮೆ. ಅಲ್ಲಿ ಸಾರಜನಕದ ಕೆಂಪು, ನೀಲಿ ಬೆರೆತು ಗುಲಾಬಿ ಅಂಚು. ಎಲೆಕ್ಟ್ರಾನ್‌ಗಳು ತುಂಬಾ ಜೋರಾಗಿ ಬಂದು ಆಳಕ್ಕೆ ಇಳಿದಾಗ ಮಾತ್ರ ಅದು ಕಾಣುತ್ತದೆ. ಹತ್ತೂ ಕಾಲಕ್ಕೆ ನಾವು ನೋಡಿದ್ದು ಅದನ್ನೇ.

ಮೊದಲು ಪಟ್ಟಿ ಬೂದಾಗಿ ಕಂಡದ್ದಕ್ಕೂ ಕಾರಣ ಇದೆ. ಕತ್ತಲಲ್ಲಿ ನಮಗೆ ಕಾಣಿಸುವ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಬೆಳಕು ಸ್ವಲ್ಪ ಜೋರಾದ ಮೇಲೇ ಬಣ್ಣದ ಕೋಶಗಳು ಎಚ್ಚರಗೊಳ್ಳುತ್ತವೆ. ಮೊಬೈಲು ಮೂರು ಸೆಕೆಂಡಿನ ಬೆಳಕನ್ನೆಲ್ಲ ಕೂಡಿಸಿ ತೋರಿಸುತ್ತದೆ. ಅದು ಸುಳ್ಳು ಬಣ್ಣ ಅಲ್ಲ, ನಮ್ಮ ಕಣ್ಣಿಗೆ ಎಟುಕದ ನಿಜವಾದ ಬಣ್ಣ.

ಇಷ್ಟೆಲ್ಲ ಹೇಳಿ ಕ್ರಿಸ್ಟಿಯನ್ ಬಿರ್ಕೆಲಾಂಡ್ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಈ ನಾರ್ವೆಯ ವಿಜ್ಞಾನಿ 1899ರಲ್ಲಿ ಆಲ್ಟಾ ಹತ್ತಿರದ ಹಾಲ್ಡೆ ಬೆಟ್ಟದ ತುದಿಯಲ್ಲಿ, ಭಯಂಕರ ಗಾಳಿ ಹಿಮದ ನಡುವೆ ವೀಕ್ಷಣಾಲಯ ಕಟ್ಟಿಸಿದರು. ಆಮೇಲೆ ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ, ಒಳಗೆ ವಿದ್ಯುತ್ ಅಯಸ್ಕಾಂತ ಇಟ್ಟ ಒಂದು ಲೋಹದ ಚೆಂಡನ್ನು ತೂಗುಹಾಕಿ ಅದರ ಕಡೆಗೆ ಎಲೆಕ್ಟ್ರಾನ್ ಹರಿಸಿದರು. ಚೆಂಡಿನ ಎರಡೂ ಧ್ರುವಗಳ ಸುತ್ತ ಬೆಳಕಿನ ಉಂಗುರ ಮೂಡಿತು. ಕಾಂತರೇಖೆಗುಂಟ ವಿದ್ಯುತ್ತು ಹರಿದು ಆಕಾಶಕ್ಕೆ ಇಳಿಯುತ್ತದೆ ಅಂತ ಅವರು ಹೇಳಿದಾಗ ದೊಡ್ಡ ದೊಡ್ಡವರು ಒಪ್ಪಲಿಲ್ಲ. 1917ರಲ್ಲಿ ಅವರು ಟೋಕಿಯೊದಲ್ಲಿ ತೀರಿಕೊಂಡರು. ಅವರ ಮಾತು ನಿಜ ಅಂತ ಉಪಗ್ರಹಗಳು ಅಳೆದು ತೋರಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಆ ಪ್ರವಾಹಕ್ಕೆ ಈಗ ಅವರದೇ ಹೆಸರು. ನಾರ್ವೆಯ 200 ಕ್ರೋನರ್ ನೋಟಿನ ಮೇಲೆ ಬಹಳ ವರ್ಷ ಅವರ ಮುಖ ಇತ್ತು.

ನಮ್ಮ ದೇಶದಲ್ಲಿ ಕಾಣುತ್ತದಾ? ಬೆಂಗಳೂರಿನಲ್ಲಂತೂ ಇಲ್ಲ. ಭಾರತದ ದಕ್ಷಿಣ ತುದಿಯ ಹತ್ತಿರವೇ ಕಾಂತೀಯ ಸಮಭಾಜಕ ಹಾದುಹೋಗುತ್ತದೆ, ಇಲ್ಲಿನ ರೇಖೆಗಳು ನೆಲಕ್ಕೆ ಇಳಿಯದೆ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತವೆ. ಆದರೆ 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗಳಿಗೆ ಉತ್ತರ ದಿಗಂತದಲ್ಲಿ ಕೆಂಪು ಬೆಳಕು ಸಿಕ್ಕಿತು. ಭೂಮಿಯ ಹದಿನೈದರಷ್ಟು ಅಗಲದ ಸೂರ್ಯಕಲೆಗಳ ಗುಂಪಿನಿಂದ ಒಂದರ ಹಿಂದೆ ಒಂದು ಸಿಡಿತ ಬಂದಿತ್ತು, 2003ರ ನಂತರದ ಅತಿ ದೊಡ್ಡ ಸೌರ ಬಿರುಗಾಳಿ ಅದು. ಕೆಂಪೇ ಯಾಕೆ ಕಂಡಿತು? 400 ಕಿ.ಮೀ. ಎತ್ತರದ ಬೆಳಕನ್ನು 2,000 ಕಿ.ಮೀ. ದೂರದಿಂದಲೂ ದಿಗಂತದಲ್ಲಿ ನೋಡಬಹುದು, ನೂರು ಕಿ.ಮೀ. ಎತ್ತರದ ಹಸಿರು ಭೂಮಿಯ ಉಬ್ಬಿನ ಹಿಂದೆ ಮರೆಯಾಗಿಬಿಡುತ್ತದೆ. ಜೊತೆಗೆ ಹಾನ್ಲೆಯದು ಬೇರೆಯೇ ಬಗೆಯ ಬೆಳಕು. ಬಿರುಗಾಳಿಯ ಹೊತ್ತಿನಲ್ಲಿ ಭೂಮಿಯ ಸುತ್ತ ಉಂಗುರದಂತೆ ಹರಿಯುವ ಕಣಗಳ ಬಿಸಿ ಕೆಳಗಿಳಿದು, ಆಮ್ಲಜನಕವನ್ನು ಮೆಲ್ಲಗೆ ಬೆಳಗಿಸುವ ಕೆಂಪು ಕಮಾನು.

ಹಿಂದೆ ಇನ್ನೂ ದೊಡ್ಡದು ಬಂದಿದೆ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಕಲೆಗಳ ಚಿತ್ರ ಬಿಡಿಸುತ್ತಿದ್ದಾಗ ಕಲೆಯ ಮೇಲೆ ಬಿಳಿ ಮಿಂಚು ಕಂಡರು. ಹದಿನೇಳೂವರೆ ಗಂಟೆಯ ನಂತರ ಬಿರುಗಾಳಿ ಭೂಮಿಗೆ ಬಡಿಯಿತು. ಅರೋರಾ ಕ್ಯೂಬಾದವರೆಗೂ ಕಂಡಿತು. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವೆ ಟೆಲಿಗ್ರಾಫ್ ನೌಕರರು ಬ್ಯಾಟರಿ ಕಳಚಿಟ್ಟು, ಆಕಾಶದಿಂದ ತಂತಿಗೆ ಬಂದ ವಿದ್ಯುತ್ತಿನಲ್ಲೇ ಸಂದೇಶ ಕಳಿಸಿದರು. ಆ ದಿನ ಭೂಮಿಯ ಕಾಂತಕ್ಷೇತ್ರ ಎಷ್ಟು ಕುಸಿದಿತ್ತು ಅಂತ ಇವತ್ತು ಜಗತ್ತು ನೋಡುವ ದಾಖಲೆ ಮುಂಬೈನ ಕೊಲಾಬಾ ವೀಕ್ಷಣಾಲಯದ್ದು: ಸುಮಾರು 1,600 ನ್ಯಾನೊಟೆಸ್ಲಾ. ಆಗ ಅಲ್ಲಿ ಕೂತು ಅಂಕಿ ಬರೆದವರಿಗೆ ತಾವು ಎಂಥದ್ದನ್ನು ಬರೆಯುತ್ತಿದ್ದೇವೆ ಅಂತ ಗೊತ್ತಿರಲಿಕ್ಕಿಲ್ಲ. 1989ರ ಮಾರ್ಚ್ 13ರಂದು ಬಂದ ಇನ್ನೊಂದು ಬಿರುಗಾಳಿ ಕೆನಡಾದ ಕ್ವಿಬೆಕ್‌ನಲ್ಲಿ ಒಂದೂವರೆ ನಿಮಿಷದಲ್ಲಿ ಇಡೀ ವಿದ್ಯುತ್ ಜಾಲವನ್ನು ಕೆಡವಿತು. 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು.

ಅದಕ್ಕೇ ಈಗ ಕಾವಲು ಇದೆ. 15 ಲಕ್ಷ ಕಿ.ಮೀ. ಆಚೆ, ಸೂರ್ಯ ಮತ್ತು ಭೂಮಿಯ ನಡುವಿನ ಜಾಗದಲ್ಲಿ 2024ರ ಜನವರಿ 6ರಿಂದ ನಮ್ಮ ಆದಿತ್ಯ-ಎಲ್1 ಇದೆ. ಕರೋನಾವನ್ನು ನೋಡುವ ಅದರ ದೊಡ್ಡ ಉಪಕರಣ ಸಿದ್ಧವಾದದ್ದು ಹೊಸಕೋಟೆಯಲ್ಲಿ. ಗೌರಿಬಿದನೂರಿನ ಬಯಲಿನಲ್ಲಿ ಸಾಲಾಗಿ ನಿಂತಿರುವ ರೇಡಿಯೊ ಆಂಟೆನಾಗಳೂ ಹಗಲಲ್ಲಿ ಕೇಳುವುದು ಇದೇ ಕರೋನಾವನ್ನು. ಗಾಳಿ ಆ ಜಾಗ ದಾಟಿ ನಮ್ಮನ್ನು ಮುಟ್ಟಲು ಅರ್ಧ ಗಂಟೆಯಿಂದ ಒಂದು ಗಂಟೆ. ಅದು ದಕ್ಷಿಣಕ್ಕೆ ಮುಖ ಮಾಡಿದೆಯಾ ಅನ್ನುವುದು ಖಚಿತವಾಗಿ ಗೊತ್ತಾಗುವುದು ಆಗಲೇ, ಅದಕ್ಕಿಂತ ಮೊದಲು ಅಲ್ಲ.

ಆ ರಾತ್ರಿ ವ್ಯಾನಿನಲ್ಲಿ ಕೂತು ಇದರಲ್ಲಿ ಅರ್ಧದಷ್ಟನ್ನು ಹುಡುಗನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ: "ಹಾಗಿದ್ರೆ ಬಾಲ ಈಗ ಮತ್ತೆ ತುಂಬ್ತಾ ಇದೆಯಾ?" ಮೊಬೈಲ್ ನೋಡಿದೆ. ಬಿ-ಝಡ್ ಇನ್ನೂ ಮೈನಸ್‌ನಲ್ಲೇ ಇತ್ತು. ಡ್ರೈವರಿಗೆ ಹೇಳಿ ಇಳಿದೆವು. ಉತ್ತರದಲ್ಲಿ ಬೆಟ್ಟದ ಮೇಲೆ ಮತ್ತೆ ಅದೇ ಬೂದು ಪಟ್ಟಿ. ಫ್ಲಾಸ್ಕಿನಲ್ಲಿದ್ದ ಟೀ ಮುಗಿಯಿತು. ಪಟ್ಟಿ ಬೆಟ್ಟದಿಂದ ಎರಡು ಬೆರಳು ಮೇಲೆ ಬಂದಿದೆ, ಮೂರು ಬೆರಳು ಬಂದಿದೆ ಅಂತ ಕೈ ಚಾಚಿ ಅವನು ಅಳೆಯುತ್ತಲೇ ಇದ್ದ. ಹನ್ನೆರಡೂ ಮುಕ್ಕಾಲಿಗೆ ಅದರ ಕೆಳ ಅಂಚು ಹೊಳೆಯಿತು.